ಕೂದಲೆಳೆಯಷ್ಟು ಬೆಳ್ಳಿ

ಮುನೀರಾ ವಿಜಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಊರು ತಿಕೋಟಾ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುವಳು. ಮನೆಯಲ್ಲಿದ್ದದ್ದು ತಾಯಿ ಮಾಶಾಬಿ ಒಬ್ಬಳೇ. ಮಾಶಾಬಿ ಬಳೆ ಮಾರುವವಳು. ಬಬಲೇಶ್ವರದ ಸಂತೆಯಲ್ಲಿ ಅವಳ ಬುಟ್ಟಿಯ ಸುತ್ತ ಹೆಂಗಸರ ಗುಂಪು ಕರಗುತ್ತಲೇ ಇರಲಿಲ್ಲ. ಹಿಂದೊಮ್ಮೆ ಬಂದ ಜ್ವರ ಅವಳ ಕಿವಿಯನ್ನು ಮಂದ ಮಾಡಿ ಹೋಗಿತ್ತು. ಮುಂಬಯಿಯಲ್ಲಿದ್ದ ಅವಳ ತಮ್ಮ ಒಂದು ಕಿವಿಯಂತ್ರ ತಂದುಕೊಟ್ಟಿದ್ದ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಆ ಡಬ್ಬಿ ಕುಪ್ಪಸದೊಳಗೆ ಕೂತು ಅವಳ ವ್ಯಾಪಾರವನ್ನೂ ಹರಟೆಯನ್ನೂ ನಡೆಸಿಕೊಂಡು ಬಂದಿತ್ತು.

೧೯೭೬ರ ಬೇಸಿಗೆಯಲ್ಲಿ, ಸಂತೆಯಿಂದ ಮರಳುವ ಬಸ್ಸಿನ ನೂಕುನುಗ್ಗಲಲ್ಲಿ ಅದು ಕೆಳಗೆ ಬಿತ್ತು. ಅಂದಿನಿಂದ ಸದ್ದೇ ಇಲ್ಲ. ಮುನೀರಾ ಬಿಚ್ಚಿ ನೋಡಿದಳು. ಒಳಗೆ ಪಿಂಗಾಣಿಯ ಪುಟ್ಟ ಬಿಲ್ಲೆ. ಅದರ ಮೇಲೆ ತಂತಿಯ ಬದಲು ಬೆಳ್ಳಿಯ ಗೆರೆಗಳನ್ನು ಅಚ್ಚೊತ್ತಿದ್ದರು. ಒಂದು ಗೆರೆ ಬಿರುಕುಬಿಟ್ಟಿತ್ತು. ಬೆಸುಗೆ ಹಾಕೋಣವೆಂದರೆ ಬೆಸುಗೆ ಕಡ್ಡಿಯ ಕಾದ ತುದಿ ಆ ಗೆರೆಗಳೆಲ್ಲವನ್ನೂ ಒಟ್ಟಿಗೇ ಮುಚ್ಚುವಷ್ಟು ದಪ್ಪ. ಆ ಮಾದರಿಯೇ ಈಗ ಬರುವುದಿಲ್ಲವೆಂದು ಮುಂಬಯಿಯಿಂದ ಮಾವ ಹೇಳಿ ಕಳಿಸಿದ.

ಹಸಿರು ಬಳೆ ಕೇಳಿದವರಿಗೆ ಕೆಂಪು ತೊಡಿಸಿ, ಸಂತೆಯಲ್ಲಿ ನಗೆಯಾದ ಮೇಲೆ ಮಾಶಾಬಿ ಬುಟ್ಟಿಯನ್ನು ಅಟ್ಟದ ಮೇಲಿಟ್ಟಳು. ಮನೆಯಲ್ಲಿ ಏರುದನಿಯಲ್ಲಿ ಮಾತಾಡುವಳು, ಉತ್ತರಕ್ಕೆ ಕಾಯದೆ ಎದ್ದು ಹೋಗುವಳು. ಮುನೀರಾಳಿಗೆ ಅದೇ ಹೆಚ್ಚು ನೋಯುತ್ತಿತ್ತು.

ಎಂ.ಎಸ್ಸಿ. ಓದುವಾಗ ಗುರುಗಳೊಬ್ಬರು ಹೇಳಿದ ಮಾತು ಅವಳ ತಲೆಯಲ್ಲಿತ್ತು. ಹೊರದೇಶದಲ್ಲಿ ಟೈಪ್‌ರೈಟರಿನ ರಿಬ್ಬನ್ನಿಗೆ ಲೇಸರ್ ಬೆಳಕು ಹೊಡೆದು, ಅದರ ಮಸಿಯನ್ನು ಚುಕ್ಕೆಚುಕ್ಕೆಯಾಗಿ ಕಾಗದಕ್ಕೆ ದಾಟಿಸಿದ್ದಾರಂತೆ. ಮಸಿ ದಾಟುವುದಾದರೆ ಬೆಳ್ಳಿ ಯಾಕೆ ದಾಟಬಾರದು? ವಿಭಾಗದ ಮುಖ್ಯಸ್ಥರಾದ ಶಂಕರೆಪ್ಪನವರ ಮುಂದೆ ಹೋಗಿ ನಿಂತಳು.

“ಲೇಸರ್? ನಮ್ಮ ಕಾಲೇಜಿನ್ಯಾಗ?”

“ನಾವ ಮಾಡಬಹುದ್ರಿ ಸರ್. ಜೋರ ಕರೆಂಟ್ ಹರಿಸಿದ್ರ ಗಾಳಿಯೊಳಗಿನ ನೈಟ್ರೋಜನ್ನಿಂದನ ಆಕ್ಕೈತಿ. ಗಾಳಿ ಎಳಿಯೂ ಪಂಪ್ ನಮ್ಮಲ್ಲೇ ಐತಿ.”

“ಅಷ್ಟ ಜೋರ ಕರೆಂಟ್ ಹೊಡೀತಂದ್ರ ನಿಮ್ಮ ತಾಯಿಗೆ ನಾ ಏನ ಹೇಳ್ಲಿ?”

“ನೀವ ಹೇಳಿದ್ರೂ ಆಕಿಗೆ ಕೇಳಸೂದಿಲ್ಲ ಸರ್.”

ಶಂಕರೆಪ್ಪನವರು ನಗಬಾರದೆಂದು ನೋಡಿದರು, ಆಗಲಿಲ್ಲ. ಹಿಂದಿನ ಕೋಣೆಯ ಕೀಲಿ ಕೊಟ್ಟು, ಯಂತ್ರ ಹಚ್ಚುವಾಗೆಲ್ಲ ತಾವೂ ಪಕ್ಕದಲ್ಲೇ ಇರಬೇಕೆಂದು ಷರತ್ತು ಹಾಕಿದರು.

ಮುಚ್ಚಿಹೋದ ಅಂಗಡಿಯೊಂದರ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್ ಸಿಕ್ಕಿತು. ಅಲ್ಯುಮಿನಿಯಂ ತಗಡುಗಳ ನಡುವೆ ಪಾಲಿಥೀನ್ ಹಾಳೆ ಹಾಸಿ ವಿದ್ಯುತ್ತನ್ನು ಹಿಡಿದಿಡುವ ಹಲಗೆ ಮಾಡಿದರು. ಹಾಳೆ ಮತ್ತೆಮತ್ತೆ ತೂತಾಯಿತು. ಮಳೆಗಾಲವಿಡೀ ಅದರಲ್ಲೇ ಕಳೆಯಿತು. ಆ ಲೇಸರಿನ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಅದಕ್ಕೇ ಮುನೀರಾ, ಅಂಥ ಬೆಳಕು ಬಿದ್ದರೆ ನೀಲಿಯಾಗಿ ಹೊಳೆಯುವ ಟಿನೋಪಾಲ್ ಬಿಳುಪುಪುಡಿ ಹಾಕಿ ಒಗೆದ ಬಿಳಿ ಬಟ್ಟೆಯೊಂದನ್ನು ಎದುರಿಗೆ ತೂಗುಹಾಕಿದ್ದಳು. ಒಂದು ಮಧ್ಯಾಹ್ನ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಚಟ್ಟೆಂಬ ಸದ್ದಿನೊಂದಿಗೆ ಆ ಬಟ್ಟೆಯ ಮೇಲೆ ನೀಲಿ ಕಲೆಯೊಂದು ಮಿಂಚಿತು.

ಮುಂದಿನ ಕೆಲಸ ಕೈಯದು. ಗಾಜಿನ ಪಟ್ಟಿಗೆ ಬೆಳ್ಳಿಯ ತೆಳುಪರೆ ಹಿಡಿಸಿ, ಅದನ್ನು ಬಿಲ್ಲೆಯ ಮೇಲೆ ಬೋರಲಾಗಿ ಇಟ್ಟು, ಗಾಜಿನ ಬೆನ್ನಿನಿಂದ ಬೆಳಕನ್ನು ಬಿಂದುವಾಗಿಸಿ ಹೊಡೆಯಬೇಕು. ಬೆಳಕು ತಾಗಿದಷ್ಟೇ ಬೆಳ್ಳಿ ಪರೆಯಿಂದ ಜಿಗಿದು ಕೆಳಗೆ ಕೂರುತ್ತದೆ. ಸೂಕ್ಷ್ಮದರ್ಶಕದ ತಿರುಪು ತಿರುಗಿಸಿ ತುಸು ಸರಿಸಿ, ಮತ್ತೆ ಹೊಡೆಯಬೇಕು.

ಮುನೀರಾ ಅವಸರ ಮಾಡಿದಳು. ಗಾಜಿನ ಚೂರಿನ ಮೇಲೆ ಒಂದೆರಡು ಗೆರೆ ಚೆನ್ನಾಗಿ ಬಂದ ಕೂಡಲೇ ಕಿವಿಯಂತ್ರದ ಬಿಲ್ಲೆಯನ್ನೇ ಇಟ್ಟಳು. ಬೆಳಕಿನ ಪೆಟ್ಟು ಜೋರಾಯಿತು. ಹೊಸ ಬೆಳ್ಳಿ ಚೆಲ್ಲಾಪಿಲ್ಲಿಯಾಗಿ, ಹಳೆಯ ಗೆರೆಯ ಅಂಚೂ ಹಾರಿಹೋಯಿತು. ಬಿರುಕು ಈಗ ಮೊದಲಿಗಿಂತ ಅಗಲ.

ಮನೆಗೆ ಬಂದು ಬಿಲ್ಲೆ ತೋರಿಸಿ, ಕೈಸನ್ನೆಯಲ್ಲಿ ಆದದ್ದನ್ನೆಲ್ಲ ಹೇಳುವಾಗ ಅವಳ ಕಣ್ಣುಗಳು ತುಂಬಿದ್ದವು. ಮಾಶಾಬಿ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

“ನಿನ್ನಿ ಕೇಳಸ್ತಿತ್ತೇನ ನನಗ? ಇಲ್ಲ. ಇವತ್ತೂ ಇಲ್ಲ. ಏನ ಹೋದಂಗಾತು ಬೇ? ಉಣ್ಣ ನಡಿ.”

ಆಮೇಲೆ ಮುನೀರಾ ನಿಧಾನ ಕಲಿತಳು. ಪರೆಯನ್ನು ಇನ್ನೂ ತೆಳ್ಳಗೆ ಮಾಡಿದಳು, ಬಿಲ್ಲೆಯನ್ನು ಗಾಜಿಗೆ ಇನ್ನೂ ಹತ್ತಿರ ತಂದಳು, ಗಾಜಿನ ಚೂರುಗಳ ಮೇಲೆ ತಿಂಗಳುಗಟ್ಟಲೆ ಗೆರೆ ಎಳೆದಳು. ಚಳಿ ಇಳಿಯುವ ಹೊತ್ತಿಗೆ, ಒಂದರ ಮೇಲೊಂದು ಅರ್ಧರ್ಧ ಕೂತ ಚುಕ್ಕೆಗಳು ಬಿರುಕಿನ ಆಚೆಗೆ ಮುಟ್ಟಿದವು. ವಿದ್ಯುತ್ತು ಅಳೆಯುವ ಮೀಟರಿನ ಮುಳ್ಳು ಮೆಲ್ಲಗೆ ಎದ್ದಿತು.

ಆ ಸಂಜೆ ತಾಯಿಯ ಕಿವಿಗೆ ತಾನೇ ಯಂತ್ರ ಸೇರಿಸಿ, ಏನು ಮಾತಾಡಲಿ ಎಂದು ತಡವರಿಸುತ್ತಿರುವಾಗ ಮಾಶಾಬಿಯೇ ಬಾಯಿ ತೆರೆದಳು.

“ಹಚ್ಚೀಯೇನ?”

ಅಂದವಳು ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು. ಮೊದಲು ಕೇಳಿಸಿದ್ದು ಅವಳದೇ ದನಿ.

“ನಾ ಇಷ್ಟ ಒದರ್ತಿದ್ನೇನ? ನೀ ಯಾಕ ಹೇಳಲಿಲ್ಲ?”

“ಹೇಳಿದ್ನಲ್ಲ ಅಮ್ಮಾ.”

ಮಾಶಾಬಿ ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂದಿನ ಸಂತೆಗೆ ಬುಟ್ಟಿ ಅಟ್ಟದಿಂದ ಇಳಿಯಿತು.

ಮಳೆಗಾಲದ ತೇವಕ್ಕೆ ಬೆಳ್ಳಿ ಕಪ್ಪಾಗಿ ಯಂತ್ರ ಮತ್ತೆ ಗೊರಗೊರ ಅಂದದ್ದುಂಟು. ಮುನೀರಾ ಮತ್ತೊಮ್ಮೆ ಚುಕ್ಕೆ ಕೂರಿಸಿ, ಈ ಸಲ ಮೇಲೊಂದು ಲೇಪ ಹಚ್ಚಿದಳು. ಅದು ವರ್ಷಗಟ್ಟಲೆ ಉಳಿಯಿತು. ಅವಳು ಇದನ್ನು ದೊಡ್ಡ ಸಂಶೋಧನೆಯೆಂದು ಎಲ್ಲೂ ಹೇಳಿಕೊಳ್ಳಲಿಲ್ಲ. ಬೆಳಕಿಗೆ ತೂಕವಿಲ್ಲವೆಂದು ತರಗತಿಯಲ್ಲಿ ಕಲಿಸುವಾಗ ಮಾತ್ರ ಒಮ್ಮೊಮ್ಮೆ ತಡೆದು ನಿಲ್ಲುವಳು; ತೂಕವಿಲ್ಲದ್ದು ಇನ್ನೊಂದನ್ನು ಹೊತ್ತು ದಾಟಿಸಿದ್ದನ್ನು ಕಂಡವಳಿಗೆ ಆ ಮಾತು ಅಷ್ಟು ಸಲೀಸಾಗಿ ಮುಗಿಯುತ್ತಿರಲಿಲ್ಲ.