ಮೂಗಿನ ಮೇಲಿನ ಹೆಸರು

ನಮ್ಮ ಮನೆಯಲ್ಲಿ ಅತ್ತೆಗೆ ಹೆಸರಿರಲಿಲ್ಲ. ಅವಳು ಅಪ್ಪನ ತಂಗಿ. ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ತೊಟ್ಟಿಲಿಗೆ ಹಾಕಿದ ದಿನ ಇಟ್ಟ ಹೆಸರೊಂದು ರೇಷನ್ ಕಾರ್ಡಿನಲ್ಲಿತ್ತು. ಕೇಳಿಸದವಳನ್ನು ಹೆಸರು ಹಿಡಿದು ಕೂಗಿ ಯಾರು ಗಂಟಲು ನೋಯಿಸಿಕೊಳ್ಳುತ್ತಾರೆ? ದೊಡ್ಡಮ್ಮ ನೆಲಕ್ಕೆ ಕಾಲು ಅಪ್ಪಳಿಸುತ್ತಿದ್ದಳು. ಅದುರಿದ್ದು ತಿಳಿದು ಅತ್ತೆ ತಿರುಗಿದ ಕೂಡಲೇ ಎಡ ಅಂಗೈ ಮೇಲೆ ಬಲ ಮುಷ್ಟಿಯನ್ನು ಗಸಗಸ ಉಜ್ಜಿ ತೋರಿಸುತ್ತಿದ್ದಳು. ಪಾತ್ರೆ ತಿಕ್ಕುವ ಸನ್ನೆ. ಕೆಲಸಕ್ಕೆ ಕರೆಯಲೂ ಅದೇ, ಊಟಕ್ಕೆ ಕರೆಯಲೂ ಅದೇ, ಅವಳ ಬಗ್ಗೆ ನಮ್ಮ ನಮ್ಮಲ್ಲಿ ತಮಾಷೆ ಮಾಡಲೂ ಅದೇ. ಮಕ್ಕಳಾದ ನಾವೂ ಹಾಗೆಯೇ ಕರೆಯುತ್ತಿದ್ದೆವು.

ಚೆನ್ನೈಯ ವೆಸ್ಟ್ ಮಾಂಬಲಂನ ಆ ಮನೆ ದೊಡ್ಡಪ್ಪನದು. ಉಡುಪಿ ಕಡೆಯಿಂದ ಬಂದು ಹೋಟೆಲು ಇಟ್ಟವರು ಅವರು. ಅಪ್ಪ ಅದರ ಗಲ್ಲಾಪೆಟ್ಟಿಗೆ ಮುಂದೆ ಕೂರುತ್ತಿದ್ದ. ಅಣ್ಣನ ಅನ್ನ ಉಣ್ಣುವವನಿಗೆ ಅತ್ತಿಗೆಯ ಮಾತೇ ವೇದವಾಕ್ಯ. ಪ್ಲಸ್ ಟೂನಲ್ಲಿ ನಾನು ತಂದ ಕಡಿಮೆ ಮಾರ್ಕು ನೋಡಿ ನನ್ನನ್ನು ಕಮ್ಯೂನಿಟಿ ಕಾಲೇಜಿಗೆ ಹಾಕಿಸಿದವಳೂ ದೊಡ್ಡಮ್ಮನೇ.

"ನರ್ಸಿಂಗ್ ಕಲೀಲಿ. ನಾಳೆ ನಂಗೆಂತಾದ್ರೂ ಆದ್ರೆ ಮನೇಲೇ ಒಬ್ಳು ಇದ್ದ ಹಾಗೆ ಆಯ್ತಲ್ಲ" ಅಂದಳು. ದೂರದೃಷ್ಟಿ ಅಂದರೆ ಅದು.

ಕಾಲೇಜು ಅನ್ನುವುದು ದೊಡ್ಡ ಮಾತು. ಚರ್ಚಿನ ಹಿಂದೆ ತಗಡಿನ ಮಾಡು, ನಾಲ್ಕು ಬೆಂಚು, ಸೂಜಿ ಚುಚ್ಚಿ ಚುಚ್ಚಿ ತೂತಾದ ರಬ್ಬರಿನ ಕೈ. ನರ್ಸಿಂಗ್ ಜೊತೆಗೆ ಸನ್ನೆಭಾಷೆ, ಸಮಾಜಶಾಸ್ತ್ರ ಎರಡೂ ಕಡ್ಡಾಯ. ಸಮಾಜಶಾಸ್ತ್ರದ ಸಾರ್ ಬೋರ್ಡಿನ ಮೇಲೆ ತಮಿಳಿನಲ್ಲಿ ಉದ್ದಕ್ಕೆ ಬರೆಯುತ್ತಿದ್ದರು: ಮನುಷ್ಯ ಪ್ರೀತಿಯನ್ನು ಮೊದಲು ಕಲಿಯುವುದು ಕುಟುಂಬದಲ್ಲಿ. ನಾನು ಅದನ್ನು ಚಂದದ ಅಕ್ಷರದಲ್ಲಿ ಬರೆದುಕೊಂಡು, ಮನೆಗೆ ಹೋಗಿ, ದೊಡ್ಡಮ್ಮ ಕಾಲು ಅಪ್ಪಳಿಸುವುದನ್ನು ನೋಡುತ್ತಿದ್ದೆ.

ಸನ್ನೆಭಾಷೆಯ ಟೀಚರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಮೊದಲ ದಿನವೇ ಅವರು ನಮ್ಮ ಮುಖಗಳನ್ನು ನಿಧಾನವಾಗಿ ನೋಡಿ ಒಬ್ಬೊಬ್ಬರಿಗೂ ಒಂದೊಂದು ಸನ್ನೆಯ ಹೆಸರಿಟ್ಟರು. ಕಿವಿ ಕೇಳದವರಲ್ಲಿ ಅದೇ ನಿಜವಾದ ಹೆಸರು. ನನ್ನದು ಜಡೆ ಜಗ್ಗುವ ಸನ್ನೆ. ಅವರದ್ದು ಗಲ್ಲದ ಗುಳಿಗೆ ಬೆರಳಿಡುವುದು.

ಒಂದು ಶನಿವಾರ ದೇವಸ್ಥಾನಕ್ಕೆ ಅಂತ ಸುಳ್ಳು ಹೇಳಿ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಟೀಚರು ತಮ್ಮ ಗಲ್ಲ ಮುಟ್ಟಿ ತೋರಿಸಿದರು, ನನ್ನ ಕಡೆ ಬೆರಳು ಮಾಡಿ ಜಡೆ ಜಗ್ಗಿದರು, ಆಮೇಲೆ ಅತ್ತೆಯ ಕಡೆ ತಿರುಗಿ ಹುಬ್ಬು ಹಾರಿಸಿದರು. ನೀನು?

ಅತ್ತೆಗೆ ತಕ್ಷಣ ಅರ್ಥವಾಯಿತು. ಮುಖವೆಲ್ಲ ನಗುವಾಗಿ, ಎಡ ಅಂಗೈ ಮೇಲೆ ಬಲ ಮುಷ್ಟಿ ಇಟ್ಟು ಗಸಗಸ ಉಜ್ಜಿದಳು.

ಕೆಲಸ ಹೇಳುತ್ತಿದ್ದಾಳೆ ಅಂದುಕೊಂಡು ಟೀಚರು ತಲೆ ಅಲ್ಲಾಡಿಸಿದರು, ಮತ್ತೆ ಕೇಳಿದರು. ಇವರಿಗೆ ತಿಳಿಯಲಿಲ್ಲ ಅಂದುಕೊಂಡು ಅತ್ತೆ ಇನ್ನೂ ಜೋರಾಗಿ ಉಜ್ಜಿದಳು, ಉಜ್ಜಿ ಎದೆ ಮುಟ್ಟಿಕೊಂಡಳು. ಬೆಂಚಿನ ಹುಡುಗಿಯರು ಕಿಸಕ್ಕನೆ ನಕ್ಕರು. ಟೀಚರು ನಗಲಿಲ್ಲ, ನನ್ನ ಮುಖ ನೋಡಿದರು. ನಲವತ್ತು ದಾಟಿದ ಹೆಂಗಸು ಅಷ್ಟು ವರ್ಷವೂ ಅದೇ ತನ್ನ ಹೆಸರು ಅಂದುಕೊಂಡಿದ್ದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಟೀಚರು ಅವಳ ಎರಡೂ ಕೈ ಹಿಡಿದು ಬಿಡಿಸಿದರು. ಮುಖ ನೋಡಿದರು. ಅತ್ತೆಯ ಮೂಗಿನಲ್ಲಿ ಒಂಟಿ ಬಿಳಿ ಕಲ್ಲಿನ ಮೂಗುಬೊಟ್ಟು ಇತ್ತು, ಅಜ್ಜಿ ಸಾಯುವ ಮೊದಲು ತನ್ನ ಕೈಯಾರೆ ಹಾಕಿದ್ದು. ಟೀಚರು ತೋರುಬೆರಳಿಂದ ತಮ್ಮ ಮೂಗನ್ನು ಎರಡು ಸಲ ತಟ್ಟಿ, ಅತ್ತೆಯ ಕಡೆ ಬೆರಳು ತೋರಿಸಿದರು.

ದಾರಿಯುದ್ದಕ್ಕೂ ಅತ್ತೆ ಮೂಗು ತಟ್ಟಿಕೊಳ್ಳುತ್ತಲೇ ಬಂದಳು. ಹೂ ಮಾರುವವಳಿಗೆ ತೋರಿಸಿದಳು, ಸ್ಟೇಷನ್ ಮೆಟ್ಟಿಲಲ್ಲಿ ಕೂತ ನಾಯಿಗೂ ತೋರಿಸಿದಳು.

ಮಾರನೆಯ ದಿನದಿಂದ ಪಾತ್ರೆಯ ಸನ್ನೆಗೆ ಅವಳು ಏಳಲಿಲ್ಲ. ಎದುರು ನಿಂತು ಮೂಗು ತಟ್ಟಿ ಕಾಯುವಳು. ಹಾಗೆ ಕರೆದರೆ ಓಡಿ ಬರುವಳು. ನಾನೊಬ್ಬಳೇ ಕರೆದೆ. ದೊಡ್ಡಮ್ಮ ಮೊದಲು ನಕ್ಕಳು: "ಓಹೋ, ಮಹಾರಾಣಿಗೆ ಹೆಸರು ಬೇರೆ ಉಂಟಾ!" ಎರಡು ದಿನ ಕಾಫಿ ತಡವಾದ ಮೇಲೆ ನಗು ನಿಂತಿತು. ಒಂದು ಬೆಳಿಗ್ಗೆ ಅತ್ತೆಯ ದವಡೆ ಹಿಡಿದು ಗೋಡೆಗೆ ಒತ್ತಿ, ಮೂಗುಬೊಟ್ಟಿನ ತಿರುಪು ಬಿಚ್ಚಿದಳು.

"ಮುಟ್ಟಿ ಮುಟ್ಟಿ ಎಲ್ಲಾದ್ರೂ ಬೀಳಿಸ್ತಾಳೆ ಮಾರಾಯ್ತಿ" ಅಂತ ನನ್ನ ಅಮ್ಮನಿಗೆ ಹೇಳಿದಳು. "ಬೀರುವಲ್ಲಿ ಭದ್ರವಾಗಿರ್ಲಿ."

ಅಮ್ಮ ಸಾರಿಗೆ ಒಗ್ಗರಣೆ ಹಾಕಿದಳು. ಅಪ್ಪ ಪೇಪರಿನ ಹಾಳೆ ತಿರುವಿದ. ನಾನು ಕೂಗಾಡಿದ್ದಕ್ಕೆ ಕೆನ್ನೆಗೆ ಬಿತ್ತು. ತೂತು ಮುಚ್ಚಿಹೋಗದಿರಲಿ ಅಂತ ಅತ್ತೆ ಗುಡಿಸುವ ಹಿಡಿಸೂಡಿಯ ಕಡ್ಡಿ ಮುರಿದು ಸಿಕ್ಕಿಸಿಕೊಂಡಳು. ಅದು ದರಿದ್ರ ಅಂತ ದೊಡ್ಡಮ್ಮ ಅದನ್ನೂ ಕಿತ್ತಳು. ತೂತು ಮುಚ್ಚಿತು. ಅತ್ತೆ ಮತ್ತೆ ಮುಷ್ಟಿಯ ಸನ್ನೆಗೆ ಬರತೊಡಗಿದಳು, ಮೊದಲಿನಂತೆ ನಗುತ್ತ ಅಲ್ಲ. ದೊಡ್ಡಮ್ಮನನ್ನು ನಾನು ಅವತ್ತಿನಿಂದ ದ್ವೇಷಿಸಿದ್ದೇನೆ. ಈಗಲೂ ಕಡಿಮೆಯಾಗಿಲ್ಲ.

ಕೆಲವು ವರ್ಷಗಳ ನಂತರ ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಪೂರ್ತಿ ಬಿತ್ತು, ಮಾತು ಹೋಯಿತು. ನಾನು ಆಗ ಪೆರುಂಗುಡಿಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ; ರಜೆಯ ದಿನ ಅವಳ ದೂರದೃಷ್ಟಿಯ ಫಲವಾಗಿ ಅವಳ ಮಂಚದ ಪಕ್ಕ ಕೂರುತ್ತಿದ್ದೆ.

ಒಂದು ಮಧ್ಯಾಹ್ನ ಅವಳಿಗೆ ಬಾಯಾರಿತು. ಎಡಗೈಯಿಂದ ಮಂಚ ಬಡಿದಳು. ನೆಲ ಅದುರಿ, ಅಡುಗೆಮನೆಯ ಬಾಗಿಲಲ್ಲಿದ್ದ ಅತ್ತೆ ತಿರುಗಿದಳು. ದೊಡ್ಡಮ್ಮ ಕರೆಯಲು ಹೊರಟಳು. ಆದರೆ ಪಾತ್ರೆ ತಿಕ್ಕಲು ಎರಡು ಕೈ ಬೇಕು. ಇದ್ದ ಒಂದು ಮುಷ್ಟಿಯನ್ನು ಹಾಸಿಗೆಗೆ ಉಜ್ಜಿದಳು. ಅತ್ತೆ ಬಂದು ಬೆಡ್‌ಶೀಟಿನ ಸುಕ್ಕು ತೆಗೆದು ಹೋದಳು.

ನನಗೆ ನಗು ಬಂತು, ನಕ್ಕೆ.

ಮತ್ತೆ ಬಡಿತ. ಈ ಸಲ ಅತ್ತೆ ನೀರಿನ ಲೋಟ ಹಿಡಿದೇ ಬಂದಳು, ಮಂಚದ ಬುಡದಲ್ಲಿ ನಿಂತಳು. ತನ್ನ ಬೋಳು ಮೂಗನ್ನು ತಟ್ಟಿಕೊಂಡು ಕಾದಳು. ದೊಡ್ಡಮ್ಮ ನನ್ನ ಕಡೆ ನೋಡಿದಳು. ಇಂಥ ರೋಗಿಯ ತಲೆ ಎತ್ತಿ ಹಿಡಿದು, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ, ಕೇಳುವ ಮೊದಲೇ ಕುಡಿಸಬೇಕೆಂದು ನಾನು ಕಲಿತಿದ್ದೆ. ನಾನು ಟವೆಲು ಮಡಚುತ್ತ ಕೂತೆ.

ಕೊನೆಗೆ ದೊಡ್ಡಮ್ಮನ ಎಡಗೈಯ ಬೆರಳು ಮೇಲೆದ್ದಿತು. ನಿಧಾನಕ್ಕೆ ಗದ್ದ ದಾಟಿ, ಒಣಗಿದ ತುಟಿ ದಾಟಿ, ತನ್ನದೇ ವಜ್ರದ ಮೂಗುಬೊಟ್ಟಿನ ಮೇಲೆ ಬಂದು ಬಿತ್ತು. ಕಣ್ಣಲ್ಲಿ ನೀರಿತ್ತು.

ಅತ್ತೆ ಲೋಟ ಹಿಂದಕ್ಕೆ ಹಿಡಿದು ತಲೆ ಅಲ್ಲಾಡಿಸಿದಳು. ಅವಳ ಹೆಸರಿಗೆ ಎರಡು ಸಲ ತಟ್ಟಬೇಕು.