ತಾಯಿಯ ಕಡೆಯ ಹಸಿರು

ಬೈಂದೂರಿನ ತಂಗಿಯ ಮನೆಯಲ್ಲಿ ಈ ಕತೆ ಹೇಳಲು ಶುರುಮಾಡಿದರೆ ಅವಳು ಅಡುಗೆಮನೆಯಿಂದಲೇ ತಿದ್ದುತ್ತಾಳೆ. “ಆ ಮಾತ್ ಹೇಳಿದ್ದ್ ದೊಡ್ಡಮ್ಮ ಅಲ್ಲ ಮಾರಾಯಾ, ನಾನ್.” ನನ್ನ ನೆನಪಿನಲ್ಲಿ ದೊಡ್ಡಮ್ಮನೇ ಹೇಳಿದ್ದು. ಕೈಯಲ್ಲಿ ತೆಂಗಿನಕಾಯಿ ತುರಿಯುವ ಮಣೆ ಇತ್ತು ಎಂಬುದೂ ನೆನಪಿದೆ. ಆದರೆ ನೆಂಟರು ಕೂತಿರುವಾಗ ತುರಿಮಣೆ ಹಿಡಿದುಕೊಂಡು ಚಾವಡಿಗೆ ಯಾರು ಬರುತ್ತಾರೆ? ಹಾಗಾಗಿ ಮಣೆಯನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಮಣೆ ಸೇರಿಸಿದವನು ದೊಡ್ಡಮ್ಮನನ್ನೂ ಸೇರಿಸಿರಬಹುದು.

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ಘಟ್ಟದ ಮೇಲಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ನನಗಿಂತ ಮೊದಲಿದ್ದ ಸೀನಿಯರ್ ತಂಬಾಕು ಗಿಡಕ್ಕೆ ಹೊರಗಿನ ಒಂದು ಜೀನ್ ಸೇರಿಸಿ, ಕೆಲಸ ಸಿಕ್ಕಿ ಹೊರಟುಹೋಗಿದ್ದರು. ಗಿಡಗಳು ನನ್ನ ಪಾಲಿಗೆ ಬಂದವು. ಆ ಜೀನ್ ಇರುವ ಸಸಿ, ಒಂದು ಔಷಧಿ ಬೆರೆಸಿ ಗಾಜಿನ ತಟ್ಟೆಗೆ ಹೊಯ್ದ ಅಗರ್ ಎಂಬ ಲೋಳೆಯ ಮೇಲೆ ಹಸಿರಾಗಿ ಬೆಳೆಯುತ್ತದೆ. ಇಲ್ಲದ ಸಸಿ ಸುಣ್ಣದಂತೆ ಬೆಳ್ಳಗಾಗಿ ಸಾಯುತ್ತದೆ. ಮುಂದಿನ ಪೀಳಿಗೆಯಲ್ಲಿ ಎಷ್ಟು ಹಸಿರು, ಎಷ್ಟು ಬಿಳಿ ಬರುತ್ತದೆ ಎಂದು ಮೊದಲೇ ಹೇಳಿ, ಆಮೇಲೆ ಎಣಿಸಿ ನೋಡುವುದು ನನ್ನ ಕೆಲಸ.

ಹೇಳುವುದೇನೂ ಕಷ್ಟವಲ್ಲ. ಜೀನ್ ಒಂದೇ ಕಡೆ ಕೂತಿದ್ದರೆ, ಗಿಡ ತನ್ನದೇ ಪರಾಗದಿಂದ ಕಟ್ಟಿದ ಬೀಜದಲ್ಲಿ ಮೂರು ಹಸಿರಿಗೆ ಒಂದು ಬಿಳಿ. ಬೇರೆ ಬೇರೆ ಎರಡು ಕಡೆ ಕೂತಿದ್ದರೆ ಹದಿನೈದು ಹಸಿರಿಗೆ ಒಂದು ಬಿಳಿ. ಒಂದೇ ಕಡೆ ಕೂತ ಗಿಡವನ್ನು ಸಾಮಾನ್ಯ ಗಿಡದೊಡನೆ ಕೂಡಿಸಿದರೆ ಅರ್ಧಕ್ಕರ್ಧ. ಯಾವುದು ತಾಯಿ, ಯಾವುದು ತಂದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ನಾಣ್ಯ ಚಿಮ್ಮಿದಷ್ಟೇ ಸರಳವಾದ ಈ ಲೆಕ್ಕಕ್ಕೆ ಜೀವಂತ ಗಿಡ ತಲೆಬಾಗುತ್ತದಲ್ಲ, ಅದು ನನ್ನಂಥ ಅನುಮಾನದ ಮನುಷ್ಯನಿಗೂ ಖುಷಿ ಕೊಡುತ್ತಿತ್ತು.

ನನ್ನ ತಟ್ಟೆಗಳು ತಲೆಬಾಗಲಿಲ್ಲ. ತನ್ನದೇ ಪರಾಗದ ಬೀಜ ಪೂರ್ತಿ ಹಸಿರು. ನಮ್ಮ ಗಿಡ ತಾಯಿಯಾದ ತಟ್ಟೆಯೂ ಪೂರ್ತಿ ಹಸಿರು. ನಮ್ಮ ಗಿಡ ತಂದೆಯಾದ ತಟ್ಟೆ ಮಾತ್ರ ಪೂರ್ತಿ ಬಿಳಿ. ಒಂದೇ ಒಂದು ಹಸಿರು ಚುಕ್ಕೆಯಿಲ್ಲ.

ಗೈಡ್ ಮೂರನ್ನೂ ಬೆಳಕಿಗೆ ಹಿಡಿದು ನೋಡಿದರು. ಅವರ ವಿವರಣೆಯಲ್ಲಿ ಬಿರುಕಿರಲಿಲ್ಲ. “ಜೀನ್ ತುಂಬಾ ಕಡೆ ಕೂತಿದೆ, ಅದಕ್ಕೇ ಎಲ್ಲ ಹಸಿರು. ಈ ಬಿಳಿ ತಟ್ಟೆ ನಿನ್ನ ಕೈಯ ಕೆಲಸ.” ತಾಯಿಯಾಗುವ ಹೂವಿನ ಕೇಸರಗಳನ್ನು ಅರಳುವ ಮೊದಲೇ ಚಿಮಟದಿಂದ ಕಿತ್ತು ತೆಗೆಯಬೇಕು, ಇಲ್ಲದಿದ್ದರೆ ಹೂವು ತನ್ನ ಪರಾಗದಿಂದಲೇ ಬೀಜ ಕಟ್ಟಿಬಿಡುತ್ತದೆ. ನಾನು ಸರಿಯಾಗಿ ಕಿತ್ತಿಲ್ಲ, ಸಾಮಾನ್ಯ ಗಿಡ ತನ್ನಷ್ಟಕ್ಕೇ ಬೀಜ ಕಟ್ಟಿದೆ, ಆ ಬೀಜ ಬಿಳಿಯಾಗದೆ ಇನ್ನೇನಾಗುತ್ತದೆ ಎಂಬುದು ಅವರ ತೀರ್ಮಾನ. “ಊರಿಗೆ ಹೋಗಿ ಬಾ. ಸೋಮವಾರದಿಂದ ಈ ಗಿಡ ಬೇರೆಯವರಿಗೆ ಕೊಡ್ತೀನಿ. ನೀನು ಮೀಡಿಯಾ ತಯಾರಿ ನೋಡ್ಕೋ.”

ಎಂದರೆ ಅಗರ್ ಕುದಿಸುವುದು, ಗಾಜು ತೊಳೆಯುವುದು. ನನ್ನ ಗಿಡ ಹೋಯಿತು, ಅದರೊಂದಿಗೆ ನನ್ನ ಕೈಯ ಮೇಲಿನ ನಂಬಿಕೆಯೂ ಹೋಯಿತು. ಬ್ರಹ್ಮಾವರದ ಮನೆಗೆ ಬಂದದ್ದು ಆ ಮುಖ ಹೊತ್ತುಕೊಂಡು. ತಂಗಿಯನ್ನು ನೋಡಲು ಬೈಂದೂರಿನಿಂದ ಭಾನುವಾರ ಗಂಡಿನ ಕಡೆಯವರು ಬರುವವರಿದ್ದರು.

ಜೀಪು ಹೇಳಿದ್ದಕ್ಕಿಂತ ಬೇಗ ಬಂತು. ಅಪ್ಪ ಸೋಡಾ ತರಲು ಪೇಟೆಗೆ ಹೋಗಿದ್ದರು. ಅಬ್ಬಿ, ಅಂದರೆ ನನ್ನ ಅಮ್ಮ, ಮತ್ತು ದೊಡ್ಡಮ್ಮ ಇಬ್ಬರೂ ಒಳಗಿದ್ದರು. ಚಾವಡಿಯಲ್ಲಿ ಮನೆಯ ಗಂಡಸು ಅಂತ ನಾನೊಬ್ಬನೇ, ಅದೂ ತಲೆತುಂಬ ಬಿಳಿ ತಟ್ಟೆ ತುಂಬಿಕೊಂಡವನು. ಹುಡುಗನ ಸೋದರಮಾವ, ಮೀನಿನ ಲಾರಿ ಓಡಿಸಿ ಓಡಿಸಿ ಗಂಟಲು ದೊಡ್ಡದಾಗಿದ್ದ ಮನುಷ್ಯ, ಲೋಟ ಎತ್ತಿಕೊಂಡು ಕೇಳಿದರು: “ನಿಮ್ದ್ ಯಾವ ಬಳಿ, ಹೇಳಿ ಕಾಂಬ.”

ನಮ್ಮಲ್ಲಿ ಸಂಬಂಧದ ಮೊದಲ ಪ್ರಶ್ನೆಯೇ ಅದು. ಬಳಿ ಎಂದರೆ ಗೋತ್ರದ ಹಾಗೆ. ಒಂದೇ ಬಳಿಯವರೆಂದರೆ ಅಣ್ಣ ತಂಗಿ ಇದ್ದಂತೆ; ಮದುವೆಯ ಮಾತೇ ಇಲ್ಲ. ಅರ್ಜಿಗಳಲ್ಲಿ ಅಪ್ಪನ ಹೆಸರು, ಅಪ್ಪನ ಊರು, ಅಪ್ಪನ ಉದ್ಯೋಗ ಬರೆದು ಬರೆದು ಅಭ್ಯಾಸವಾಗಿದ್ದ ನಾನು, ಬಾಯಿಗೆ ಬಂದಂತೆ ಅಪ್ಪನ ಬಳಿ ಹೇಳಿಬಿಟ್ಟೆ.

ಲೋಟ ಕೆಳಗಿಳಿಯಿತು. “ಅಯ್ಯೋ! ನಮ್ ಮಾಣಿದೂ ಅದೇ ಅಲ್ದಾ? ಹಾಂಗಾರೆ ಹೆಣ್ಣ್ ತಂಗಿ ಆಯ್ತಲೆ. ಏಳಿ, ಹೋಪ.”

ಬಾಗಿಲ ಸಂದಿನಿಂದ ನೋಡುತ್ತಿದ್ದ ತಂಗಿ ಹುಡುಗನನ್ನು ಆಗಲೇ ಒಪ್ಪಿಕೊಂಡಿದ್ದಳೆಂದು ಕಾಣುತ್ತದೆ. ಒಳಗೆ ಏನೋ ಪಾತ್ರೆ ಬಿತ್ತು. ಅದರ ಹಿಂದೆಯೇ ದೊಡ್ಡಮ್ಮ ಹೊರಗೆ ಬಂದರು.

“ಹ್ವಾಯ್, ಕೂಕಣಿ ಕೂಕಣಿ! ಅದ್ ಇವ್ನ ಅಪ್ಪನ್ ಬಳಿ! ಓದಿ ಓದಿ ಈ ಮಾಣಿಗೆ ಅಬ್ಬಿ ಯಾರ್ ಅಂಬ್ದೇ ಮರ್ತ್ ಹೋಯ್ತ್!” ನಮ್ಮಲ್ಲಿ ಮಕ್ಕಳಿಗೆ ಬರುವುದು ಅಬ್ಬಿಯ ಬಳಿ; ಅದು ಯಾವುದೆಂದು ಅವರೇ ಹೇಳಿದರು. ಅದು ಬೇರೆಯಾಗಿತ್ತು.

ಸೋದರಮಾವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಎಂತ ಮಾರ್ರೆ, ದೋಣಿಂದ ಮಂಡೆ ಕೆಳ್ಗಾಯಿ ಬಿದ್ದಿರ್ಯಾ? ಅಪ್ಪನ್ ಬಳಿ ಹೇಳ್ತ್ರಿಯಲೆ!” ಚಾವಡಿಯೆಲ್ಲ ನಕ್ಕಿತು. ಲೋಟ ಮತ್ತೆ ಮೇಲೇರಿತು. ಆಗಲೇ ದೊಡ್ಡಮ್ಮ, ಅಥವಾ ಬಾಗಿಲ ಹಿಂದಿನಿಂದ ತಂಗಿ, ಆ ಮಾತು ಹೇಳಿದ್ದು:

“ಅಪ್ಪ ಮೂಗ್ ಕೊಡ್ಲಕ್, ಬಣ್ಣ ಕೊಡ್ಲಕ್, ಸಿಟ್ಟೂ ಕೊಡ್ಲಕ್. ಬಳಿ ಕೊಡುಕ್ ಆತ್ತಾ ಅವ್ನಿಗೆ?”

ನಾನು ಎದ್ದು ನಿಂತೆ. ಬಿಳಿ ತಟ್ಟೆ ಕಣ್ಣೆದುರು ಬಂತು. ಅಪ್ಪ ಏನನ್ನೋ ಕೊಡಲಾರ! ಎಲೆಯ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳೊಳಗೂ ಒಂದಷ್ಟು ಜೀನುಗಳಿರುತ್ತವೆ. ತಂಬಾಕಿನಲ್ಲಿ ಆ ಕಣಗಳು ತಾಯಿಯಿಂದ ಮಾತ್ರ ಬೀಜಕ್ಕೆ ಬರುತ್ತವೆ; ಪರಾಗ ಅವನ್ನು ತರುವುದಿಲ್ಲ. ಸೀನಿಯರ್ ಎರಡು ಬಗೆಯ ಪ್ರಯೋಗ ಮಾಡಿದ್ದರು, ಒಂದು ಕೋಶಕೇಂದ್ರಕ್ಕೆ, ಒಂದು ಹಸಿರು ಕಣಕ್ಕೆ. ಎರಡನೆಯದು ಕೆಟ್ಟುಹೋಯಿತೆಂದು ನಾವೆಲ್ಲ ನಂಬಿದ್ದೆವು. ಕೆಡದೆ, ಅದೇ ನನ್ನ ಗಿಡವಾಗಿ ನಿಂತಿದ್ದರೆ? ಆಗ ಮೂರಕ್ಕೊಂದೂ ಇಲ್ಲ, ಅರ್ಧಕ್ಕರ್ಧವೂ ಇಲ್ಲ. ತಾಯಿಯಾದರೆ ಎಲ್ಲ ಹಸಿರು, ತಂದೆಯಾದರೆ ಎಲ್ಲ ಬಿಳಿ.

ಇಲ್ಲಿ ಒಂದು ಮಾತು ಹೇಳಬೇಕು. ಅಜ್ಜಿಯರಿಗೆ ವಿಜ್ಞಾನ ಮೊದಲೇ ಗೊತ್ತಿತ್ತು ಎನ್ನುವ ಕತೆಗಳನ್ನು ಕಂಡರೆ ನನಗಾಗದು. ಬಳಿ ಎಂಬುದು ಜನ ಮಾಡಿಕೊಂಡ ಕಟ್ಟಳೆ. ಗಿಡಕ್ಕೆ ಕಟ್ಟಳೆಯಿಲ್ಲ. ದೊಡ್ಡಮ್ಮನಿಗೆ ಕ್ಲೋರೋಪ್ಲಾಸ್ಟ್ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎರಡಕ್ಕೂ ಇದ್ದ ಹೋಲಿಕೆ ಬರೀ ಆಕಸ್ಮಿಕ. ಆದರೆ ಆ ಕ್ಷಣ ನನ್ನ ಮೈಯೆಲ್ಲ ಜುಮ್ಮೆಂದದ್ದು ಆಕಸ್ಮಿಕವೆಂದು ತಿಳಿದಿದ್ದೂ ನಿಲ್ಲಲಿಲ್ಲ.

ಗೈಡ್‌ಗೆ ಹೇಳಲು ಹೋಲಿಕೆ ಸಾಲದು. ಅವರ ವಾದ ನಿಂತಿದ್ದು ನನ್ನ ಕೈ ಕೆಟ್ಟದ್ದು ಎಂಬುದರ ಮೇಲೆ. ಅದನ್ನು ಪರೀಕ್ಷಿಸುವ ದಾರಿ ಗ್ಲಾಸ್‌ಹೌಸಿನಲ್ಲೇ ಇದ್ದದ್ದು ಆಗ ಹೊಳೆಯಿತು. ಸಾಮಾನ್ಯ ಗಿಡದಲ್ಲಿ ಕೆಲವು ಹೂಗಳ ಕೇಸರ ಕಿತ್ತು, ಬೇರೆ ಪರಾಗ ತಾಗದಂತೆ ಚೀಲ ಕಟ್ಟಿದ ಮೇಲೆ, ಹಚ್ಚಬೇಕಿದ್ದ ನಮ್ಮ ಗಿಡದ ಪರಾಗ ಮುಗಿದುಹೋಗಿತ್ತು. ಅವನ್ನು ಹಾಗೇ ಬಿಟ್ಟಿದ್ದೆ. ಗುರುತಿಗೆ ಊರಿನಿಂದ ಒಯ್ದಿದ್ದ ಬಲೆ ಹೆಣೆಯುವ ನೀಲಿ ನೂಲು ಕಟ್ಟಿದ್ದೆ. ನನ್ನ ಕೈ ಕೆಟ್ಟದ್ದಾಗಿದ್ದರೆ ಅಲ್ಲೂ ಕಾಯಿ ಕಟ್ಟಿರಬೇಕು. ಕೈ ಸರಿಯಿದ್ದರೆ ಆ ಹೂಗಳು ಬರಿದೇ ಉದುರಿರಬೇಕು.

“ಈಗ ಬತ್ತೆ” ಎಂದು ನೆಂಟರ ನಡುವಿನಿಂದ ಓಡಿದೆ. ಬ್ರಹ್ಮಾವರ ಬಸ್‌ಸ್ಟ್ಯಾಂಡಿನ ಬಳಿಯ ಎಸ್‌ಟಿಡಿ ಬೂತಿನಿಂದ ಲ್ಯಾಬಿಗೆ ಫೋನ್ ಹಚ್ಚಿದೆ. ಎತ್ತಿದ್ದು ನನ್ನ ಜೊತೆಯ ಧಾರವಾಡದ ಕಡೆಯ ಗೆಳೆಯ.

“ಯಾಕಲೇ, ಐತವಾರನೂ ಬಿಡಂಗಿಲ್ಲೇನ?”

“ಗ್ಲಾಸ್‌ಹೌಸಿಗೆ ಹೋಗು. ನೀಲಿ ನೂಲು ಕಟ್ಟಿದ ಹೂ ನೋಡು. ಕಾಯಿ ಆಗಿದೆಯೋ, ಬಿದ್ದುಹೋಗಿದೆಯೋ ಹೇಳು. ಮತ್ತೆ ಫೋನ್ ಮಾಡ್ತೀನಿ.”

“ತಂಗಿ ನೋಡಾಕ ಬಂದಾರಂದಿ, ಹೂ ಕೇಳಾಕತ್ತೀ. ಹುಚ್ಚ ಹಿಡದೈತಿ ನಿನಗ.” ಆದರೂ ಹೋದ.

ನಾನು ಬೂತಿನ ಹೊರಗೆ ನಿಂತು ಬಸ್ಸುಗಳನ್ನು ನೋಡಿದೆ. ಕುಂದಾಪುರ, ಕುಂದಾಪುರ ಎಂದು ಕಂಡಕ್ಟರುಗಳು ಕೂಗುತ್ತಿದ್ದರು. ಮನೆಗೆ ವಾಪಸು ಹೋಗುತ್ತಿದ್ದ ಅಪ್ಪ, ಎರಡೂ ಕೈಯಲ್ಲಿ ಸೋಡಾ ಬಾಟಲಿ ಹಿಡಿದುಕೊಂಡು, “ನೀ ಎಂತಕ್ಕೆ ಇಲ್ಲ್ ನಿತ್ಕಂಡಿದ್ದೆ? ಅವ್ರ್ ಹೋದ್ರಾ?” ಎಂದು ಗಾಬರಿಯಾದರು. ಇಲ್ಲ, ಸಂಬಂಧ ಆದ ಹಾಗೇ ಎಂದು ಅವರನ್ನು ಕಳಿಸಿ ಮತ್ತೆ ನಂಬರು ಒತ್ತಿದೆ.

“ಒಂದೂ ಕಾಯಿ ಇಲ್ಲಲೇ,” ಎಂದ ಗೆಳೆಯ. “ಎಲ್ಲಾ ಉದುರ್ಯಾವ. ಚೀಲದಾಗ ಒಣಗಿದ ಹೂ ಅದಾವ ಅಷ್ಟ.”

“ಎಲ್ಲಾ ಹೂ ಉದುರಿದ್ವಾ!” ಎಂದು ನಾನು ಕೂಗಿರಬೇಕು. ಬೂತಿನವರು ತಲೆ ಹೊರಗೆ ಹಾಕಿದರು. “ಎಂತ ಮಾರ್ರೆ, ಹೂಗ್ ಉದುರ್ತ್ ಅಂದ್ರೆ ಯಾರಾರೂ ಕುಣಿತ್ರಾ?”

ಸೋಮವಾರ ಗೈಡ್ ಎಲ್ಲ ಕೇಳಿಸಿಕೊಂಡರು. ಅವರು ನನಗಿಂತ ದೊಡ್ಡ ಅನುಮಾನದ ಮನುಷ್ಯ. “ಉದುರಿದ ಹೂವು ಸಾಕ್ಷಿ ಆಗಬಹುದು, ತೀರ್ಪು ಆಗಲ್ಲ. ಈ ಸಲ ಕೇಸರ ನಾನು ಕೀಳ್ತೀನಿ, ನಿನ್ನ ಗಿಡದ ಪರಾಗ ನಾನೇ ಹಚ್ಚುತ್ತೀನಿ. ಒಂದೇ ಒಂದು ಸಸಿ ಹಸಿರಾಗಿ ಬಂದರೆ ನೀನು ಮೀಡಿಯಾ ರೂಮಿಗೆ. ಏನು ಬರುತ್ತೆ, ಈಗಲೇ ಹೇಳು.”

“ಎಲ್ಲ ಬಿಳಿ ಸರ್.”

“ಶೇಕಡಾ?”

“ಎಲ್ಲ.”

ಅವರು ನಕ್ಕರೆಂದು ನನಗೆ ನೆನಪು. ಅವರು ಯಾವತ್ತೂ ನಗುತ್ತಿರಲಿಲ್ಲ ಎನ್ನುತ್ತಾನೆ ಗೆಳೆಯ. ಅಷ್ಟೇ ಅಲ್ಲ, ತಾಯಿಯಿಂದ ಬರುವ ಜೀನ್ ಇರಬಹುದೆಂದು ನಾನು ಊರಿಗೆ ಹೋಗುವ ಮೊದಲೇ ಕ್ಯಾಂಟೀನಿನಲ್ಲಿ ಅವನಿಗೆ ಹೇಳಿದ್ದೆನಂತೆ. ಇದು ನಿಜವಾದರೆ ಚಾವಡಿಯಲ್ಲಿ ಹೊಳೆದದ್ದು ಏನು? ಅಲ್ಲಿ ಹೊಳೆಯಿತೋ, ಅಲ್ಲಿ ನಾಚಿಕೆಯಾದಾಗ ಹಳೆಯ ಯೋಚನೆ ನೆನಪಾಯಿತೋ? ಇಷ್ಟು ವರ್ಷದ ಮೇಲೆ ಗೊತ್ತುಮಾಡಿಕೊಳ್ಳುವ ದಾರಿಯಿಲ್ಲ.

ಕಾಯಿ ಬಲಿಯುವವರೆಗೆ ಕಾಯುವುದು ಕಷ್ಟವಾಯಿತು. ನಡುವೆ ಕುಂದಾಪುರದಲ್ಲಿ ತಂಗಿಯ ಮದುವೆಯಾಯಿತು. ಧಾರೆಯ ಹೊತ್ತಿಗೂ ನಾನು ಕಾಯಿ ಒಡೆದು ಬೀಜ ಚೆಲ್ಲಿಹೋದರೆ ಎಂದು ಯೋಚಿಸುತ್ತಿದ್ದೆ. ಫೋಟೋಗಳಲ್ಲಿ ನನ್ನ ಮುಖ ಹೆಣ್ಣು ಒಪ್ಪಿಸುವ ದುಃಖದಂತೆ ಕಾಣುವುದು ಅದಕ್ಕೇ.

ಬೀಜ ಬಿತ್ತಿದ ತಟ್ಟೆಗಳನ್ನು ಗೈಡ್ ತಮ್ಮ ಕೋಣೆಯ ಕಿಟಕಿಯ ಬೆಳಕಿಗೇ ಇಟ್ಟುಕೊಂಡಿದ್ದರು. ಒಂದು ಬೆಳಿಗ್ಗೆ ಕರೆದು ಮುಚ್ಚಳ ತೆಗೆದರು. ನಾನು ಬಗ್ಗಿ ನೋಡಿದೆ. ಅಂಚಿನಿಂದ ಅಂಚಿಗೆ ಬಿಳಿ. ಅವರು ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಹುಡುಕಿದರು, ಹಸಿರು ಸಿಗಲಿ ಎಂಬಂತೆ ಹುಡುಕಿದರು. ಸಾಯುತ್ತಿರುವ ಅಷ್ಟೊಂದು ಸಸಿಗಳನ್ನು ನೋಡಿ ನನ್ನಷ್ಟು ಸಂತೋಷಪಟ್ಟವರು ಯಾರೂ ಇರಲಿಕ್ಕಿಲ್ಲ. ಜೀನ್ ಕೂತದ್ದು ಹಸಿರು ಕಣದಲ್ಲೇ ಎಂದು ಆಮೇಲಿನ ಡಿಎನ್ಎ ಪರೀಕ್ಷೆಯೂ ಹೇಳಿತು, ಆದರೆ ನನಗೆ ಅಂದೇ ಸಾಕಾಗಿತ್ತು.

ಗೈಡ್ ಭೂತಗನ್ನಡಿ ಕೆಳಗಿಟ್ಟು, ಜೇಬಿನಿಂದ ಚಿಮಟ ತೆಗೆದು ನನ್ನ ಕಡೆ ಚಾಚಿದರು. “ಗ್ಲಾಸ್‌ಹೌಸ್ ಬೀಗದ ಕೈ ನೀನೇ ಇಟ್ಕೋ.”

ಹಿತ್ತಾಳೆಯ ಬೀಗದ ಕೈ, ಅಂಗೈಯಲ್ಲಿ ತಣ್ಣಗಿತ್ತು ಎಂದು ನನಗೆ ನೆನಪು. ಗೆಳೆಯ ಹೇಳುತ್ತಾನೆ, ಆ ಗ್ಲಾಸ್‌ಹೌಸಿಗೆ ಬೀಗವೇ ಇರಲಿಲ್ಲ, ಬಾಗಿಲಿಗೆ ತಂತಿ ಸುತ್ತುತ್ತಿದ್ದೆವು ಅಂತ. ತಂತಿಯೇ ಇದ್ದಿರಬಹುದು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅದನ್ನು ಬಿಚ್ಚಿದವನು ನಾನೇ.