ನಲವತ್ತು ಮಾರು

ಹೂಲಿಯ ದುಂಡಪ್ಪ ಐವತ್ತೆಂಟು ವರ್ಷದ ಬಾಳಿನಲ್ಲಿ ಯಾರ ಹೊಲದ ಗಡಿಕಲ್ಲನ್ನೂ ಒಂದು ಬೆರಳು ಸರಿಸಿದವನಲ್ಲ. ಬದುವಿನ ತಂಟೆ ಬಿದ್ದರೆ ಊರವರು ಅವನನ್ನೇ ಕರೆದು ನಡುವೆ ನಿಲ್ಲಿಸುತ್ತಿದ್ದರು. ಅಂಥವನು ಸ್ವಂತ ಮಗನ ಕಲ್ಲನ್ನು ಕದ್ದು ಸರಿಸಿದ.

ಮಗ ಸಿದ್ಧಾರೂಢ ಪೊಲೀಸ್ ಆಗಬೇಕೆಂದು ಹೊರಟವನು. ಬರೆಯುವ ಪರೀಕ್ಷೆ ಪಾಸಾಗಿತ್ತು, ಉಳಿದದ್ದು ಓಟ. ಸಾವಿರದ ಆರುನೂರು ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಹಿಂದೆ ಎರಡು ಸಲ ಕೆಲವೇ ಸೆಕೆಂಡಿನಲ್ಲಿ ಕೈತಪ್ಪಿತ್ತು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ, ಇದೇ ಕೊನೆ. ಹುಡುಗ ಟೇಪು ತಂದು ಮನೆಯಿಂದ ಕಾಲುವೆ ದಾರಿ ಅಳೆದ, ಓಟ ಮುಗಿಯುವಲ್ಲಿ ಸುಣ್ಣ ಬಳಿದ ಕಲ್ಲು ನಿಲ್ಲಿಸಿದ. ಅವ್ವ ಗುರುಬಸವ್ವ ಸುಮ್ಮನಿರುತ್ತಾಳೆಯೇ? ಮರುದಿನವೇ ಕಲ್ಲಿಗೆ ವಿಭೂತಿ ಬಳಿದು, ಸೋಮವಾರಕ್ಕೊಂದು ಕಾಯಿ ಒಡೆಯತೊಡಗಿದಳು.

ನಸುಕಿನಲ್ಲಿ ಓಟ, ಆಮೇಲೆ ನೆನೆಸಿದ ಕಡಲೆ, ಶೇಂಗಾ, ಬೆಲ್ಲ. ಸಂಜೆ ದುಂಡಪ್ಪ ಔಡಲೆಣ್ಣೆ ಹಚ್ಚಿ ಮಗನ ಮೀನಖಂಡ ತಿಕ್ಕುತ್ತಿದ್ದ. ಹುಡುಗ ಬಾಗಿಲ ಹಿಂದೆ ಸೀಮೆಸುಣ್ಣದಿಂದ ಆ ದಿನದ ಲೆಕ್ಕ ಬರೆಯುತ್ತಿದ್ದ: ಆರು ನಿಮಿಷ ನಲವತ್ತಾರು ಸೆಕೆಂಡು. ಮರುದಿನವೂ ಅದೇ. ಮತ್ತೂ ಅದೇ. ಉಣ್ಣುವಾಗ ರೊಟ್ಟಿ ಮುರಿದು ಹಾಗೇ ಕೂರುತ್ತಿದ್ದ. ಅದನ್ನು ದುಂಡಪ್ಪ ದಿನವೂ ನೋಡುತ್ತಿದ್ದ.

ರವಿವಾರ ಮಗನ ಕಾಲಿಗೆ ರಜೆ. ಆ ದಿನ ದುಂಡಪ್ಪ ಒಬ್ಬನೇ ಹೋಗಿ ಕಲ್ಲನ್ನು ಮನೆ ಕಡೆ ಹತ್ತು ಮಾರು ಸರಿಸಿದ. ಎರಡೂ ಕೈ ಚಾಚಿ ಚಾಚಿ ತಾನೇ ಅಳೆದ. ಮುಂದಿನ ರವಿವಾರ ಮತ್ತೆ ಹತ್ತು. ನಾಲ್ಕು ವಾರಕ್ಕೆ ನಲವತ್ತಾಯಿತು. ನಸುಕಿನ ಮಬ್ಬಿನಲ್ಲಿ ಓಡುವ ಹುಡುಗನಿಗೆ ಅದು ಗೊತ್ತಾಗಲಿಲ್ಲ. ಬಾಗಿಲ ಹಿಂದಿನ ಲೆಕ್ಕ ಇಳಿಯುತ್ತ ಆರು ಇಪ್ಪತ್ತೆರಡಕ್ಕೆ ಬಂತು. ಹುಡುಗ ಶಿಳ್ಳೆ ಹೊಡೆಯುತ್ತ ಸ್ನಾನಕ್ಕೆ ಹೋಗತೊಡಗಿದ.

“ನೋಡ್ರಿ, ದೇವ್ರು ನಮ್ಮ ಮನಿ ಕಡೆ ನಡದು ಬರಾಕ ಹತ್ಯಾನ. ನನಗ ನಡಿಯೂ ಹಾದಿ ಕಮ್ಮಿ ಆಗೇತಿ,” ಎಂದಳು ಗುರುಬಸವ್ವ, ಕಾಯಿ ಹೋಳು ಹಿಡಿದು.

ದುಂಡಪ್ಪನಿಗೆ ನಗು ಬರಲಿಲ್ಲ. ತಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯದಾಯಿತು. ಧೈರ್ಯ ಬಂದರೆ ಕಾಲು ತಾನಾಗಿ ಓಡುತ್ತದೆ ಎಂದು ಒಮ್ಮೆ ಅನಿಸುತ್ತಿತ್ತು. ಪರೀಕ್ಷೆಯ ಮೈದಾನವನ್ನು ಯಾವ ಅಪ್ಪ ಸರಿಸುತ್ತಾನೆ ಎಂದು ಇನ್ನೊಮ್ಮೆ. ಹೇಳಿದರೆ ಹುಡುಗ ಕುಸಿಯುತ್ತಾನೆ, ಹೇಳದಿದ್ದರೆ ಅಲ್ಲಿ ಹೋಗಿ ಬೀಳುತ್ತಾನೆ. ಪರೀಕ್ಷೆಗೆ ಎಂಟು ದಿನ ಉಳಿದಾಗ ತಲೆ ಕೆಟ್ಟು, ಯಾರಿಗೂ ಹೇಳದೆ ಕಲ್ಲನ್ನು ಮೊದಲಿದ್ದಲ್ಲೇ ನೆಟ್ಟು ಬಂದ. ಇನ್ನು ಎಲ್ಲ ಸರಿಹೋಯಿತು ಅಂದುಕೊಂಡ, ಪಾಪ.

ಮರುದಿನ ಆರು ನಲವತ್ತೊಂದು. ಅದರ ಮರುದಿನ ನಲವತ್ತೆರಡು. ಮೂರನೆಯ ನಸುಕಿನಲ್ಲಿ ಸಿದ್ಧಾರೂಢ ಏಳಲೇ ಇಲ್ಲ. ಹೊದಿಕೆಯೊಳಗಿಂದಲೇ ಹೇಳಿದ: “ನನ್ನ ಕಾಲಾಗ ಏನೂ ಉಳದಿಲ್ಲ ಯಪ್ಪಾ. ನಾ ಪರೀಕ್ಷೆಗೆ ಹೋಗಂಗಿಲ್ಲ.”

ದುಂಡಪ್ಪ ಹಾಸಿಗೆಯ ಪಕ್ಕ ಕುಕ್ಕರಿಸಿದ. “ಕಾಲಿಂದೇನೂ ತಪ್ಪಿಲ್ಲೋ ಸಿದ್ದು. ಕಲ್ಲು ನಾನ ಸರಿಸಿದ್ದೆ. ನಲವತ್ತು ಮಾರು. ಈಗ ಮತ್ತ ಅಲ್ಲೇ ಇಟ್ಟೇನಿ.”

ಮಗ ಎದ್ದು ಕೂತ. “ಯಾಕ?”

“ದಿನಾ ನಿನ್ನ ಮಾರಿ ಸಪ್ಪಗಿರತಿತ್ತು. ನೋಡಾಕ ಆಗಲಿಲ್ಲ.”

ಸಿದ್ಧಾರೂಢ ಹೊದಿಕೆ ಬದಿಗೆ ತಳ್ಳಿದ. “ಅಂದ್ರ ನನ್ನ ಕೈಲೆ ಆಗಂಗಿಲ್ಲ ಅಂತ ನಿನಗ ಮೊದಲ ಅನಿಸಿತ್ತು.”

ಪ್ರೀತಿಯಿಂದ ಮಾಡಿದೆ ಎಂದೇ ದುಂಡಪ್ಪ ಇಷ್ಟು ದಿನ ನಂಬಿದ್ದ. ಅದರೊಳಗೆ ಇದೂ ಇತ್ತೇ? ಇತ್ತೆಂದು ಈಗ ಗೊತ್ತಾಗಿ ಕಣ್ಣು ತುಂಬಿಬಂತು.

ಮಗ ಬೂಟು ಹಾಕಿಕೊಂಡ. ಫೋನು ಅಪ್ಪನ ಕೈಗಿಟ್ಟು, “ನಲವತ್ತಾರಿಂದ ನಲವತ್ತೆರಡಕ್ಕ ಖರೇನ ಬಂದೇನಲ್ಲ, ನಡಿ. ಇವತ್ತ ಟೈಮ್ ನೀ ಹಿಡಿ,” ಎಂದ.

ಆ ದಿನ ಹುಡುಗ ಸಿಟ್ಟಿನಿಂದ ಓಡಿದ. ಮುಗಿಸಿ ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತ, “ಎಷ್ಟಾತು?” ಎಂದ.

ಫೋನಿನಲ್ಲಿ ಆರು ಮೂವತ್ತಮೂರು ಎಂದಿತ್ತು. ಮಗ ತಲೆ ಎತ್ತಿರಲಿಲ್ಲ. ಇಪ್ಪತ್ತೊಂಬತ್ತು ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮಾತು ದುಂಡಪ್ಪನ ನಾಲಿಗೆಯ ಮೇಲೇ ಬಂದು ಕೂತಿತ್ತು.

“ಮೂವತ್ತಮೂರು,” ಎಂದ. “ಇನ್ನ ಮೂರು ಸೆಕೆಂಡ್ ಬೇಕೋ ಸಿದ್ದು. ಐದು ದಿನ ಅದಾವ.”